ಢಾಕಾದ ತಂತಿ, ಬೆಳಗಾವಿಯಲ್ಲಿ ಹುಟ್ಟಿದ ವರದಿಗಾರ

ನಾಯಕರು ಕೈಕುಲುಕುವ ಫೋಟೊ, ಕೆಳಗೆ ‘ಮಾತುಕತೆ ಫಲಪ್ರದ’ ಅನ್ನುವ ಒಂದು ಸಾಲು. ಹೊರದೇಶದ ಬಿಕ್ಕಟ್ಟುಗಳ ಬಗ್ಗೆ ನಮಗೆ ಸಿಗುವ ಸುದ್ದಿ ಎಷ್ಟೋ ಸಲ ಇಷ್ಟೇ. ಇಂಥದ್ದನ್ನು ಓದಿದಾಗೆಲ್ಲ ನನಗೆ 1971ರ ಢಾಕಾ ನೆನಪಿಗೆ ಬರುತ್ತದೆ.

ಅದಕ್ಕೆ ಮುಂಚಿನ ಡಿಸೆಂಬರ್ ಚುನಾವಣೆಯಲ್ಲಿ ಪೂರ್ವ ಪಾಕಿಸ್ತಾನದ, ಅಂದರೆ ಇಂದಿನ ಬಾಂಗ್ಲಾದೇಶದ, 162 ಸಾಮಾನ್ಯ ಸ್ಥಾನಗಳಲ್ಲಿ 160ನ್ನು ಮುಜಿಬುರ್ ರಹಮಾನ್ ಅವರ ಅವಾಮಿ ಲೀಗ್ ಪಕ್ಷ ಗೆದ್ದಿತ್ತು. ಅಧಿಕಾರ ಬಿಟ್ಟುಕೊಡಲು ಪಶ್ಚಿಮ ಪಾಕಿಸ್ತಾನದವರಿಗೆ ಮನಸ್ಸಿರಲಿಲ್ಲ. ಮಾರ್ಚ್ ಮಧ್ಯದಲ್ಲಿ ಪಾಕಿಸ್ತಾನವನ್ನು ಆಳುತ್ತಿದ್ದ ಸೇನಾ ಜನರಲ್ ಯಾಹ್ಯಾ ಖಾನ್ ಢಾಕಾಕ್ಕೆ ಬಂದು ಮುಜಿಬುರ್ ರಹಮಾನ್ ಜೊತೆ ಮಾತಿಗೆ ಕೂತರು. ಅತ್ತ ಮಾತುಕತೆ ನಡೀತಾ ಇತ್ತು, ಇತ್ತ ಪಶ್ಚಿಮದಿಂದ ಸೈನಿಕರು ಬಂದಿಳೀತಾ ಇದ್ದರು. ಮಾರ್ಚ್ 25ರ ಸಂಜೆ ಯಾಹ್ಯಾ ಸದ್ದಿಲ್ಲದೆ ವಿಮಾನ ಹತ್ತಿದರು. ಅದೇ ರಾತ್ರಿ ಸೈನ್ಯ ಊರಿನ ಮೇಲೆ, ವಿಶ್ವವಿದ್ಯಾಲಯದ ಹಾಸ್ಟೆಲ್‌ಗಳ ಮೇಲೆ ಬಿತ್ತು. ವಿದೇಶಿ ವರದಿಗಾರರನ್ನು ಹೋಟೆಲ್‌ನಲ್ಲಿ ಕೂಡಿಹಾಕಿ, ಆಮೇಲೆ ದೇಶದಿಂದಲೇ ಹೊರಗೆ ಕಳಿಸಿದರು.

ಆಗ ಕಂಡದ್ದನ್ನು ಬರೆದವರು ಢಾಕಾದಲ್ಲಿದ್ದ ಅಮೆರಿಕದ ರಾಜತಾಂತ್ರಿಕ ಕಚೇರಿಯ ಮುಖ್ಯಸ್ಥ, ಕಾನ್ಸುಲ್ ಜನರಲ್ ಆರ್ಚರ್ ಬ್ಲಡ್. ಆಯ್ದು ಆಯ್ದು ನರಮೇಧ ಮಾಡುತ್ತಿದ್ದಾರೆ ಅಂತ ಮಾರ್ಚ್ 28ರಂದೇ ವಾಷಿಂಗ್ಟನ್‌ಗೆ ತಂತಿ ಕಳಿಸಿದರು. ಉತ್ತರ ಬರಲಿಲ್ಲ. ಏಪ್ರಿಲ್ 6ರಂದು 20 ಅಮೆರಿಕನ್ ಅಧಿಕಾರಿಗಳು ಸಹಿ ಹಾಕಿದ ಇನ್ನೊಂದು ತಂತಿ ಹೋಯಿತು. ಪ್ರಜಾಪ್ರಭುತ್ವವನ್ನು ತುಳಿಯುತ್ತಿದ್ದರೂ ನಮ್ಮ ಸರ್ಕಾರ ಖಂಡಿಸಲಿಲ್ಲ ಅಂತ ಅದರಲ್ಲಿ ನೇರವಾಗಿಯೇ ಹೇಳಿದ್ದರು. ಬ್ಲಡ್ ಅದಕ್ಕೆ ತಮ್ಮ ಬೆಂಬಲ ಸೇರಿಸಿದರು. ಅಮೆರಿಕದ ಅಧ್ಯಕ್ಷ ನಿಕ್ಸನ್, ಅವರ ಭದ್ರತಾ ಸಲಹೆಗಾರ ಕಿಸಿಂಜರ್ ಕಿವಿಗೊಡಲಿಲ್ಲ. ಚೀನಾ ಜೊತೆ ಗುಟ್ಟಾಗಿ ಸಂಬಂಧ ಬೆಳೆಸಲು ಅವರಿಗೆ ಯಾಹ್ಯಾ ಬೇಕಾಗಿದ್ದರು. ಜುಲೈನಲ್ಲಿ ಕಿಸಿಂಜರ್ ಬೀಜಿಂಗ್‌ಗೆ ಹೋದದ್ದೂ ಪಾಕಿಸ್ತಾನದಿಂದಲೇ. ಬ್ಲಡ್ ಅವರನ್ನು ಢಾಕಾದಿಂದ ಎತ್ತಂಗಡಿ ಮಾಡಿದರು.

ಆದರೆ ತಂತಿ ಸರ್ಕಾರದ ಒಳಗಿನ ಕಾಗದ. ಜನರಿಗೆ ಹೇಳಲು ಪತ್ರಕರ್ತರೇ ಬೇಕು. ಹಾಗೆ ಹೇಳಿದವರಲ್ಲಿ ಆಂಥನಿ ಮಸ್ಕರೇನ್ಹಸ್ ದೊಡ್ಡ ಹೆಸರು. ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲಿ, 1928ರಲ್ಲಿ. ಕರಾಚಿಯ ಪತ್ರಿಕೆಯೊಂದರಲ್ಲಿ ಕೆಲಸ. ಏಪ್ರಿಲ್‌ನಲ್ಲಿ ಪಾಕಿಸ್ತಾನದ ಸೈನ್ಯ, ಎಲ್ಲ ಹಿಡಿತದಲ್ಲಿದೆ ಅಂತ ಬರೆಸಲು ತನ್ನ ದೇಶದ ಎಂಟು ಪತ್ರಕರ್ತರನ್ನು ಪೂರ್ವಕ್ಕೆ ಕರೆದೊಯ್ದಿತು. ಏಳು ಜನ ಹೇಳಿದಂತೆ ಬರೆದರು. ಇವರು ಬರೆಯಲಿಲ್ಲ. ಲಂಡನ್‌ಗೆ ಹೋಗಿ ಸಂಡೇ ಟೈಮ್ಸ್ ಸಂಪಾದಕ ಹೆರಾಲ್ಡ್ ಇವಾನ್ಸ್ ಅವರನ್ನು ಕಂಡು, ಕಣ್ಣಾರೆ ನೋಡಿದ್ದನ್ನೆಲ್ಲ ಹೇಳಿದರು. ವರದಿ ಅಚ್ಚಾದರೆ ಮನೆಯವರಿಗೆ ಉಳಿಗಾಲವಿಲ್ಲ ಅಂತ ಗೊತ್ತಿತ್ತು. ಅದಕ್ಕೇ ಮತ್ತೆ ಪಾಕಿಸ್ತಾನಕ್ಕೆ ಬಂದು, ಹೆಂಡತಿ ಮಕ್ಕಳನ್ನು ಮೊದಲು ದೇಶ ದಾಟಿಸಿ, ಆಮೇಲೆ ತಾವು ಅಫ್ಘಾನಿಸ್ತಾನದ ಗಡಿ ದಾಟಿದರು. ಜೂನ್ 13ರಂದು ವರದಿ ಪ್ರಕಟವಾಯಿತು.

ಎಂಟೂ ಜನ ಸೈನ್ಯದ ಜೊತೆಗೇ ಹೋದವರು, ಅಲ್ವಾ? ಹಾಗಾಗಿ ‘ಸ್ಥಳಕ್ಕೆ ಹೋಗಿ ಮಾಡಿದ ವರದಿ’ ಅನ್ನುವುದೊಂದೇ ನನಗೆ ಸಾಲದು. ಕರೆದೊಯ್ದವರು ಯಾರು, ಯಾರ ಜೊತೆ ಮಾತಾಡಲು ಬಿಟ್ಟರು, ಬರೆದದ್ದರಿಂದ ಯಾರಿಗೆ ಸಿಟ್ಟು ಬಂತು? ಗಾಜಾ ಇರಲಿ, ಉಕ್ರೇನ್ ಇರಲಿ, ಸುದ್ದಿ ನೋಡುವಾಗ ನಾನು ಇದನ್ನೇ ಮೊದಲು ಕೇಳುತ್ತೇನೆ. ತನ್ನದೇ ಸರ್ಕಾರಕ್ಕೆ ಹಿಡಿಸದ ಮಾತು ಬರೆದವರನ್ನು ಜಾಸ್ತಿ ನಂಬುತ್ತೇನೆ. ನಮ್ಮ ಚಾನೆಲ್‌ಗಳು ಸ್ಟುಡಿಯೋದಲ್ಲಿ ಕ್ಷಿಪಣಿ ಹಾರಿಸುವ ಗ್ರಾಫಿಕ್ಸ್ ಬಿಟ್ಟು ಈ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಲಿ. ಪತ್ರಿಕೋದ್ಯಮ ಕಲಿಸುವ ನಮ್ಮ ಮೇಷ್ಟ್ರುಗಳು ಜೂನ್ 13ರ ಆ ವರದಿಯನ್ನು ಕನ್ನಡಕ್ಕೆ ತಂದು ಮಕ್ಕಳ ಕೈಲಿ ಓದಿಸಲಿ, ಮೊದಲು ಬೆಳಗಾವಿಯ ಕಾಲೇಜುಗಳಲ್ಲಿ.