ಮನೆಗೆ ನಾಲ್ಕು ಜನ ಹಿಡೀರಿ

ವಾರ್ಡಿನಲ್ಲಿ ಯಾವ ಲೆಕ್ಕ ಶುರುವಾದರೂ ಐದು ನಿಮಿಷದೊಳಗೆ ಯಾರಾದರೊಬ್ಬರು ಈ ಮಾತು ಹೇಳಿಯೇ ಹೇಳುತ್ತಾರೆ: "ಮನೆಗೆ ನಾಲ್ಕು ಜನ ಹಿಡೀರಿ." ನೀರಿನ ಟ್ಯಾಂಕ್ ಎಷ್ಟು ದೊಡ್ಡದಿರಬೇಕು, ಗಣೇಶನ ಪ್ರಸಾದಕ್ಕೆ ಎಷ್ಟು ಅಕ್ಕಿ ಹಾಕಬೇಕು, ಬೂತಿನಲ್ಲಿ ಎಷ್ಟು ವೋಟು ಬೀಳಬಹುದು, ಎಲ್ಲಕ್ಕೂ ಅದೇ ನಾಲ್ಕು. ಆ ನಾಲ್ಕು ಎಲ್ಲಿಂದ ಬಂತು ಎಂದು ಕೇಳಿದರೆ "ಗಂಡ, ಹೆಂಡ್ತಿ, ಎರಡು ಮಕ್ಕಳು" ಎಂದು ಬೆರಳು ಮಡಚಿ ತೋರಿಸುತ್ತಾರೆ. ಕುಟುಂಬ ಯೋಜನೆಯ ಗೋಡೆಚಿತ್ರ ಅಳಿಸಿ ಎಷ್ಟೋ ಕಾಲವಾಗಿದೆ. ಇವರ ಲೆಕ್ಕದಲ್ಲಿ ಇಡೀ ವಾರ್ಡು ಇನ್ನೂ ಆ ಚಿತ್ರದಲ್ಲೇ ಸಂಸಾರ ಮಾಡುತ್ತಿದೆ.

ಹಾಗಾದರೆ ಎಷ್ಟು ಹಿಡಿಯಬೇಕು? ಒಂದೇ ಅಂಕಿಯಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಮೊದಲು ಒಂದು ಓಣಿಯ ಹತ್ತು ಮನೆ ತೆಗೆದುಕೊಳ್ಳಿ. ಎರಡು ಮನೆಯಲ್ಲಿ ಒಬ್ಬೊಬ್ಬರೇ, ಮೂರರಲ್ಲಿ ಇಬ್ಬಿಬ್ಬರು, ಎರಡರಲ್ಲಿ ಮೂವರು, ಎರಡರಲ್ಲಿ ಎಂಟೆಂಟು ಮಂದಿ, ಕೊನೆಯದರಲ್ಲಿ ಹತ್ತು. ಕೂಡಿದರೆ 40 ಜನ. ಸರಾಸರಿ ನಾಲ್ಕು. ಆದರೆ ನಾಲ್ಕು ಜನರಿರುವ ಮನೆ ಒಂದೂ ಇಲ್ಲ! ಇದೇ ಓಣಿಯ ನಲವತ್ತೂ ಜನರನ್ನು ಸಾಲಾಗಿ ನಿಲ್ಲಿಸಿ "ನಿಮ್ಮನೇಲಿ ಎಷ್ಟು ಜನ?" ಎಂದು ಕೇಳಿ, ಬಂದ ಉತ್ತರಗಳ ಸರಾಸರಿ ತೆಗೆಯಿರಿ. ಆರೂವರೆ ಬರುತ್ತದೆ. ಹತ್ತು ಜನರ ಮನೆ ಹತ್ತು ಸಲ ಉತ್ತರ ಕೊಡುತ್ತದೆ, ಒಂಟಿ ಮನೆ ಒಂದೇ ಸಲ. ಶಾಲೆಯ ಮಕ್ಕಳನ್ನು ಕೇಳಿ ವಾರ್ಡಿನ ಕುಟುಂಬದ ಗಾತ್ರ ಕಂಡುಹಿಡಿಯಲು ಹೊರಡುವ ಉತ್ಸಾಹಿಗಳು ಎಡವುವುದು ಇಲ್ಲೇ. ಮಕ್ಕಳೇ ಇಲ್ಲದ ಮನೆಗಳ ಪರವಾಗಿ ಆ ತರಗತಿಯಲ್ಲಿ ಕೈ ಎತ್ತುವವರು ಯಾರೂ ಇರುವುದಿಲ್ಲ.

ಇನ್ನು 'ಮನೆ' ಎಂದರೇನು ಎಂಬುದೇ ತೀರ್ಮಾನವಾಗಿರುವುದಿಲ್ಲ. ನಮ್ಮ ಜನಗಣತಿಯವರು ಇದನ್ನು ಗೋಡೆ ನೋಡಿ ನಿರ್ಧರಿಸುವುದಿಲ್ಲ, ಒಲೆ ನೋಡಿ ನಿರ್ಧರಿಸುತ್ತಾರೆ. ಸಾಮಾನ್ಯವಾಗಿ ಒಟ್ಟಿಗೆ ವಾಸಿಸಿ ಒಂದೇ ಅಡುಗೆಮನೆಯ ಊಟ ಮಾಡುವವರೆಲ್ಲ ಒಂದು ಕುಟುಂಬ. ಅಣ್ಣ ಕೆಳಗೆ, ತಮ್ಮ ಮೇಲೆ, ಗ್ಯಾಸ್ ಎರಡು ಕಡೆ ಹೊತ್ತಿಕೊಂಡರೆ ಕುಟುಂಬ ಎರಡು, ಬಾಗಿಲು ಒಂದೇ ಇದ್ದರೂ ಸರಿ. ಮನೆಯಲ್ಲೇ ಇದ್ದು ಅಲ್ಲೇ ಉಣ್ಣುವ ಕೆಲಸದವಳು ಆ ಕುಟುಂಬಕ್ಕೇ ಸೇರಿದವಳು. ಪಾಳಿಯ ಕೆಲಸಕ್ಕೆ ಹೋಗಿ ಒಪ್ಪೊತ್ತು ಹೊರಗೆ ಉಣ್ಣುವ ಮಗನೂ ಒಳಗಿನವನೇ. ಬೇರೆ ಊರಿನ ಹಾಸ್ಟೆಲ್ಲಿನಲ್ಲಿರುವ ಮಗಳು ಮಾತ್ರ ಈ ಮನೆಯ ಲೆಕ್ಕಕ್ಕಿಲ್ಲ, ಅವಳನ್ನು ಅಲ್ಲೇ ಎಣಿಸುತ್ತಾರೆ. ಇದನ್ನು ತಾಯಂದಿರಿಗೆ ಒಪ್ಪಿಸುವಷ್ಟರಲ್ಲಿ ಗಣತಿದಾರರಿಗೆ ಸಾಕುಸಾಕಾಗುತ್ತದೆ. "ಅವಳ ಹೆಸರು ಬಿಟ್ರೆ ಹೇಗೆ? ನಾಳೆ ಏನಾದ್ರೂ ತೊಂದ್ರೆ ಆದ್ರೆ?" ಎಂದು ಬಾಗಿಲಲ್ಲೇ ಜಗಳ. ಬರೆಸಿದರೇ ತೊಂದರೆ, ಒಂದೇ ಹುಡುಗಿ ಎರಡು ಊರಿನಲ್ಲಿ ಲೆಕ್ಕವಾಗುತ್ತಾಳೆ.

ಹಾಸ್ಟೆಲ್, ಜೈಲು, ವೃದ್ಧಾಶ್ರಮ, ಹೀಗೆ ಸಂಬಂಧಿಕರಲ್ಲದವರು ಒಂದೇ ಮೆಸ್ಸಿನಲ್ಲಿ ಉಣ್ಣುವ ಜಾಗಗಳನ್ನು ಸಾಂಸ್ಥಿಕ ಕುಟುಂಬ ಎಂದು ಬೇರೆ ಗುರುತಿಸುತ್ತಾರೆ. ಸರಾಸರಿ ತೆಗೆಯುವವರು ಇವನ್ನು ಮೊದಲೇ ಪಕ್ಕಕ್ಕಿಡಬೇಕು. ಒಂದು ವಾರ್ಡಿನಲ್ಲಿ 4,000 ಕುಟುಂಬ, 15,200 ಜನ ಎಂದಿಟ್ಟುಕೊಳ್ಳಿ. ಸರಾಸರಿ 3.8. ಅದರಲ್ಲಿ ಮೂರು ಹಾಸ್ಟೆಲ್, ಅವುಗಳಲ್ಲಿ 900 ಜನ. ಆ ಮೂರನ್ನು ತೆಗೆದರೆ 3,997 ಕುಟುಂಬಕ್ಕೆ 14,300 ಜನ, ಸರಾಸರಿ ಸುಮಾರು 3.6ಕ್ಕೆ ಇಳಿಯಿತು. ಆ ಮೂರೂ ನರ್ಸಿಂಗ್ ಕಾಲೇಜಿನ ಹಾಸ್ಟೆಲ್ ಆಗಿದ್ದರಂತೂ ಮುಗಿಯಿತು. ವಾರ್ಡಿನ ಲಿಂಗಾನುಪಾತ, ಅಂದರೆ ಸಾವಿರ ಗಂಡಸರಿಗೆ ಎಷ್ಟು ಹೆಂಗಸರು ಎಂಬ ಲೆಕ್ಕ, ಏಕಾಏಕಿ ಮೇಲೇರುತ್ತದೆ, 18ರಿಂದ 22ರ ವಯಸ್ಸಿನಲ್ಲಿ ಒಂದು ಗುಡ್ಡ ಏಳುತ್ತದೆ, ಅದನ್ನು ನೋಡಿ ಯಾರೋ ಒಬ್ಬರು ಪ್ರಗತಿ ಎಂದು ಭಾಷಣ ಮಾಡುತ್ತಾರೆ.

ವಯಸ್ಸಿನ ಮಾತು ಬಂದಿದ್ದರಿಂದ ಹೇಳಲೇಬೇಕು. ಜನಸಂಖ್ಯೆಯ ಲೆಕ್ಕದಲ್ಲಿ ವಯಸ್ಸಿನಷ್ಟು ತರಲೆಯ ಕಾಲಂ ಇನ್ನೊಂದಿಲ್ಲ. ಗಣತಿಗೆ ಬೇಕಾದದ್ದು ತುಂಬಿದ ವರ್ಷ. ನಮ್ಮವರು ಹೇಳುವುದು ನಡೆಯುತ್ತಿರುವ ವರ್ಷ. "ಐವತ್ತು ತುಂಬಿ ಐವತ್ತೊಂದರಲ್ಲಿ ನಡೀತಿದೆ" ಎಂದರೆ ಬರೆಯಬೇಕಾದದ್ದು 50. ಬರೆಯುವವರು ದಣಿದಿದ್ದರೆ ಕಿವಿಗೆ ಕೊನೆಯಲ್ಲಿ ಬಿದ್ದ 51 ಇಳಿಯುತ್ತದೆ. ವರ್ಷ ತುಂಬದ ಕೂಸಿಗೆ ಸೊನ್ನೆ ಹಾಕಬೇಕು. ಆದರೆ ಎಷ್ಟೋ ಮನೆಗಳಲ್ಲಿ ತೊಟ್ಟಿಲ ಕೂಸನ್ನು ಜನರ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ, ಕೇಳಿದರೆ "ಅದನ್ನೂ ಬರೀತೀರಾ?" ಎಂದು ನಗುತ್ತಾರೆ. ಅದಕ್ಕೇ ಗಣತಿದಾರರು ಕೂಸುಗಳನ್ನು ಬೇರೆಯಾಗಿಯೇ ಕೇಳಬೇಕು.

ದೊಡ್ಡವರದು ಬೇರೆಯೇ ಕಥೆ. ಅವರು ಸೊನ್ನೆ ಅಥವಾ ಐದರಲ್ಲಿ ಮುಗಿಯುವ ವಯಸ್ಸಿನಲ್ಲೇ ಬಿಡಾರ ಹೂಡುತ್ತಾರೆ. "ನಲವತ್ತು ಬರ್ಕೊಳ್ಳಿ" ಎಂಬಲ್ಲಿ 38, 39, 41, 42 ನಾಲ್ಕೂ ಮುಳುಗುತ್ತವೆ. ಈ ಚಟವನ್ನು ಅಳೆಯಲು ವಿಪಲ್ ಸೂಚ್ಯಂಕ ಎಂಬ ಲೆಕ್ಕವಿದೆ, ಮಾಡುವುದು ಸುಲಭ. 23ರಿಂದ 62ರವರೆಗಿನವರನ್ನಷ್ಟೇ ತೆಗೆದುಕೊಳ್ಳಬೇಕು. 23 ಏಕೆ ಎಂದರೆ, 23ರಿಂದ 27ರ ನಡುವೆ 25 ಕೂರುತ್ತದೆ, 58ರಿಂದ 62ರ ನಡುವೆ 60 ಕೂರುತ್ತದೆ, ಯಾವ ಪಕ್ಕಕ್ಕೂ ವಾಲುವುದಿಲ್ಲ. ಇವರಲ್ಲಿ 25, 30, 35 ಹೀಗೆ 60ರ ತನಕ ಸೊನ್ನೆ-ಐದರವರನ್ನು ಎಣಿಸಿ, ಐದರಿಂದ ಗುಣಿಸಿ, ಒಟ್ಟು ಜನರಿಂದ ಭಾಗಿಸಿ, ನೂರರಿಂದ ಗುಣಿಸಿ. ಎಲ್ಲರೂ ನಿಜ ಹೇಳಿದ್ದರೆ ಹೆಚ್ಚುಕಡಿಮೆ 100. ಎಲ್ಲರೂ ಸೊನ್ನೆ-ಐದರಲ್ಲೇ ಕೂತಿದ್ದರೆ 500. ಸಾವಿರ ಜನರಲ್ಲಿ 200 ಬರಬೇಕಾದ ಕಡೆ 320 ಬಂದರೆ ಸೂಚ್ಯಂಕ 160. ವಿಶ್ವಸಂಸ್ಥೆಯ ಅಳತೆಯಲ್ಲಿ 105ರ ಒಳಗಿದ್ದರೆ ಬಲು ನಿಖರ, 125 ದಾಟಿ 175ರೊಳಗಿದ್ದರೆ ಒರಟು ಮಾಹಿತಿ, ಅದರಾಚೆಗೆ ತೀರಾ ಒರಟು.

ಐದೈದು ವರ್ಷದ ಗುಂಪು ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿದವರಿದ್ದಾರೆ. ಅರ್ಧ ಸರಿಹೋಗುತ್ತದೆ ಅಷ್ಟೆ. ಗುಂಪು ಶುರುವಾಗುವುದೇ 40ಕ್ಕೆ, 45ಕ್ಕೆ. ನಲವತ್ತೆಂದು ಹೇಳಿಕೊಂಡ 41, 42ರವರು ತಮ್ಮ ಗುಂಪಿನಲ್ಲೇ ಉಳಿಯುತ್ತಾರೆ. ಹಾಗೇ ಹೇಳಿಕೊಂಡ 38, 39ರವರು ಮಾತ್ರ 35-39ರ ಗುಂಪಿನಿಂದ ಗಡಿ ದಾಟಿ 40-44ಕ್ಕೆ ಬಂದು ಕೂರುತ್ತಾರೆ. ಆ ಗುಂಪು ಸುಮ್ಮಸುಮ್ಮನೆ ಉಬ್ಬುತ್ತದೆ, ಹಿಂದಿನದು ಸೊರಗುತ್ತದೆ.

ವಯಸ್ಸು ಹೇಳುವವರು ಆ ವಯಸ್ಸಿನವರೇ ಆಗಿರುವುದೂ ಕಡಿಮೆ. ಹಗಲು ಹನ್ನೊಂದಕ್ಕೆ ಬಾಗಿಲು ತೆಗೆಯುವ ಸೊಸೆ ಇಡೀ ಮನೆಯ ವಯಸ್ಸು ಹೇಳಬೇಕು. ಮಾವನದು "ಎಪ್ಪತ್ತರ ಮೇಲಾಯ್ತು" ಎನ್ನುವುದಕ್ಕಿಂತ ಹೆಚ್ಚು ಅವಳಿಗಾದರೂ ಹೇಗೆ ಗೊತ್ತು? ಪಳಗಿದ ಗಣತಿದಾರರು ಇಲ್ಲಿ ವಯಸ್ಸು ಬಿಟ್ಟು ಘಟನೆ ಹಿಡಿಯುತ್ತಾರೆ. "ಇಂದಿರಾ ಗಾಂಧಿ ಹೋದಾಗ ನೀವು ಎಷ್ಟನೇ ಕ್ಲಾಸು?" ನಾಲ್ಕನೆಯದು ಎಂದರೆ 1984ರಲ್ಲಿ ಒಂಬತ್ತರ ಆಸುಪಾಸು, ಹುಟ್ಟಿದ್ದು 1975ರ ಹತ್ತಿರ. ಹಿರಿಯರಾದರೆ 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟಾಗ ಮದುವೆಯಾಗಿತ್ತೇ, ಇನ್ನೂ ಹಿರಿಯರಾದರೆ 1956ರ ಏಕೀಕರಣದ ಹೊತ್ತಿಗೆ ಶಾಲೆಗೆ ಸೇರಿದ್ದರೇ. ನಾಲ್ಕು ಪ್ರಶ್ನೆಗೆ ಐವತ್ತು ಹೋಗಿ ಐವತ್ತೆರಡು ಆಗುತ್ತದೆ. ಆದರೆ ಒಬ್ಬ ಗಣತಿದಾರರ ಪಾಲಿಗೆ ಬರುವ ಒಂದು ಬ್ಲಾಕಿನಲ್ಲಿ ಆರುನೂರು ಚಿಲ್ಲರೆ ಜನ. ಎಲ್ಲರಿಗೂ ಇಂದಿರಾ ಗಾಂಧಿಯನ್ನು ನೆನಪಿಸುತ್ತ ಕೂರಲು ಗಣತಿದಾರರೂ ಮನುಷ್ಯರೇ.

"ಈಗ ಎಲ್ಲರ ಹತ್ರ ದಾಖಲೆ ಇದೆಯಲ್ಲ" ಎನ್ನುವವರಿಗೆ ಒಂದು ಮಾತು. ನಮ್ಮಲ್ಲಿ ಒಂದು ತಲೆಮಾರು ಪೂರ್ತಿ ಜೂನ್ 1ರಂದು ಹುಟ್ಟಿದೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಹುಡುಗನ ಎತ್ತರ ನೋಡಿ ಒಂದು ವರ್ಷ ಊಹಿಸಿ, ಶಾಲೆ ಶುರುವಾಗುವ ದಿನವನ್ನೇ ಹುಟ್ಟಿದ ದಿನ ಮಾಡಿದರು. ಆಮೇಲೆ ಆಧಾರ್ ಬಂತು, ಬರೀ ವಯಸ್ಸು ಹೇಳಿದವರಿಗೆ ಜನವರಿ 1 ಸಿಕ್ಕಿತು. ಇದರ ಮೇಲೆ ಪಿಂಚಣಿಯ ಸೆಳೆತ. ಸಂಧ್ಯಾ ಸುರಕ್ಷಾಗೆ 65 ಆಗಿರಬೇಕು ಎಂದರೆ 63ರಲ್ಲಿ ನಿಲ್ಲಲು ಯಾರಿಗೆ ತಾಳ್ಮೆ? ಎಂಬತ್ತು ದಾಟಿದ ಅಜ್ಜಂದಿರಿಗಂತೂ ನಡುವಿನ ವರ್ಷಗಳೇ ಬೇಡ, ಸೀದಾ ತೊಂಬತ್ತು.

ಯಜಮಾನರು ಯಾರು ಎಂಬ ಪ್ರಶ್ನೆಯನ್ನು ಗಣತಿ ಮನೆಯವರಿಗೇ ಬಿಟ್ಟಿದೆ. ಅವರು ಯಾರನ್ನು ತೋರಿಸುತ್ತಾರೋ ಅವರೇ ಒಂದನೇ ಸಾಲಿನಲ್ಲಿ, ಉಳಿದವರೆಲ್ಲ ಅವರಿಗೆ ಏನಾಗಬೇಕು ಎಂಬ ಲೆಕ್ಕದಲ್ಲಿ ಕೆಳಗೆ. ರೇಷನ್ ಕಾರ್ಡಿನ ದಾರಿ ಬೇರೆ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ 18 ತುಂಬಿದ ಹಿರಿಯ ಹೆಂಗಸೇ ಯಜಮಾನಿ, ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಬರುವುದೂ ಅವಳಿಗೇ. ಹಾಗಾಗಿ ಒಂದೇ ಮನೆಗೆ ಒಂದು ಕಾಗದದಲ್ಲಿ ಅಪ್ಪ ಯಜಮಾನ, ಇನ್ನೊಂದರಲ್ಲಿ ಅವ್ವ. ವಿಚಿತ್ರವೆಂದರೆ ಮನೆಯವರಿಗೆ ಇದರಿಂದ ಒಂದಿಷ್ಟೂ ಗೊಂದಲವಿಲ್ಲ. ತಲೆ ಕೆಡುವುದು ಎರಡು ಪಟ್ಟಿ ಪಕ್ಕಪಕ್ಕ ಇಟ್ಟು ಕೂರುವವರಿಗೆ ಮಾತ್ರ.

ಮತ್ತೆ ಬೀಗ ಹಾಕಿದ ಮನೆಗಳು. 2011ರ ಲೆಕ್ಕಕ್ಕೆ ಮುಂಚಿನ ಮನೆಪಟ್ಟಿಯಲ್ಲಿ ದೇಶದ ಸುಮಾರು 33 ಕೋಟಿ ಗಣತಿ ಮನೆಗಳಲ್ಲಿ (ಇದು ಒಲೆಯ ಲೆಕ್ಕವಲ್ಲ, ಕಟ್ಟಡದ ಲೆಕ್ಕ) ಎರಡೂವರೆ ಕೋಟಿಗೆ ಹತ್ತಿರ ಖಾಲಿ ಸಿಕ್ಕವು. ಖಾಲಿ ಮನೆ ಬೇರೆ, ಜನರಿದ್ದೂ ಬೀಗ ಬಿದ್ದ ಮನೆ ಬೇರೆ. ಎರಡನ್ನೂ ಒಂದೇ ಮಾಡಿದರೆ ವಾರ್ಡೇ ಕರಗುತ್ತದೆ. ಪಕ್ಕದ ಮನೆಯವರನ್ನು ಕೇಳಬೇಕು, ಸಂಜೆ ಮತ್ತೊಮ್ಮೆ ಬರಬೇಕು, ಭಾನುವಾರ ಇನ್ನೊಮ್ಮೆ. ಮುಂದಿನ ಗಣತಿಗೆ ನಮ್ಮ ಕಡೆ ನಿಗದಿಯಾಗಿರುವ ಘಳಿಗೆ 2027ರ ಫೆಬ್ರವರಿ 28 ಮುಗಿದು ಮಾರ್ಚ್ 1 ಶುರುವಾಗುವ ಮಧ್ಯರಾತ್ರಿ ಹನ್ನೆರಡು. ಹನ್ನೆರಡಕ್ಕೆ ಹತ್ತು ನಿಮಿಷ ಮುಂಚೆ ಹುಟ್ಟಿದ ಕೂಸು ಲೆಕ್ಕಕ್ಕುಂಟು, ಹತ್ತು ನಿಮಿಷ ತಡವಾದದ್ದಕ್ಕೆ ಇಲ್ಲ. ಮಧ್ಯರಾತ್ರಿ ಕಳೆದು ತೀರಿಕೊಂಡವರು ಮಾತ್ರ ಲೆಕ್ಕದಲ್ಲಿ ಉಳಿಯುತ್ತಾರೆ. ಈ ಸಲ ಮೊಬೈಲಿನಲ್ಲಿ ನಾವೇ ತುಂಬುವ ಅವಕಾಶವೂ ಇದೆಯಂತೆ. ತುಂಬುವವರು ದಯವಿಟ್ಟು ಹಾಸ್ಟೆಲ್ಲಿನ ಮಗಳನ್ನು ಸೇರಿಸಬೇಡಿ, ತೊಟ್ಟಿಲ ಕೂಸನ್ನು ಬಿಡಬೇಡಿ, ಮತ್ತು ನಿಮಗೆ ನಲವತ್ಮೂರಾಗಿದ್ದರೆ ನಲವತ್ಮೂರು ಎಂದೇ ಹಾಕಿ.