ಕುರ್ಚಿ ಹೊಸತು, ಸೋರಿಕೆ ಹಳೆಯದು

ನಮ್ಮ ಮಂಗಳೂರಿನ ಒಂದು ಶಟಲ್ ಕೋರ್ಟ್ ರಿಪೇರಿಗೆಂದು ಎಂಟು ತಿಂಗಳು ಮುಚ್ಚಿತ್ತು. ಈಗ ತೆರೆದಿದೆ. ಗೇಟಿಗೆ ಗ್ರಾನೈಟ್, ಗ್ಯಾಲರಿಗೆ ಬಣ್ಣಬಣ್ಣದ ಕುರ್ಚಿ. ಮದುವೆ ಹಾಲ್ ಥರ ಇದೆ ಮಾರಾಯ್ರೆ!

ಆಡುವವರನ್ನು ಮಾತ್ರ ಯಾರೂ ಒಂದು ಮಾತು ಕೇಳಿಲ್ಲ. ಗೋಡೆಗೆ ಬಿಳಿ ಬಣ್ಣ ಬಳಿದಿದ್ದಾರೆ. ಬಿಳಿ ಗರಿಯ ಶಟಲ್ ಬಿಳಿ ಗೋಡೆಯೆದುರು ಕಾಣುವುದಾದರೂ ಹೇಗೆ? ಅದಕ್ಕೇ ಅಲ್ವಾ ಕಡು ಹಸಿರು ಬಳಿಯುವುದು? ಲೈಟು ಕೋರ್ಟಿನ ಬದಿಗಳಲ್ಲಿರಬೇಕು. ಇಲ್ಲಿ ನೆಟ್ಟಗೆ ತಲೆಯ ಮೇಲೆಯೇ. ನಿನ್ನೆ ಸ್ಮ್ಯಾಶ್ ಹೊಡೆಯಲು ತಲೆ ಎತ್ತಿದೆ, ಕಣ್ಣು ಕೋರೈಸಿತು. ಶಟಲ್ ಮೂಗಿನ ಮೇಲೆಯೇ ಬಿತ್ತು. ಗ್ಯಾಲರಿಯ ಹೊಸ ಕುರ್ಚಿಯಲ್ಲಿ ಕೂತಿದ್ದ ಮಗಳಿಗೆ ನಗುವೋ ನಗು.

ಮಳೆ ಬಂದರೆ ಇನ್ನೊಂದು ಕತೆ. ಮಾಡಿನ ಶೀಟ್ ಬದಲಿಸಿದ್ದಾರಂತೆ, ಆದರೂ ಸರ್ವೀಸ್ ಗೆರೆಯ ಹತ್ತಿರ ಟಪ್ ಟಪ್. ಕೋರ್ಟಿನ ಉದ್ದ 13.40 ಮೀಟರ್. ನಮಗೆ ಸಿಗುವುದು ಬಕೆಟ್ ಇಟ್ಟು ಮಿಕ್ಕಿದ ಜಾಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಸುರಿಯುವ ಊರಿದು, ಕೆಲಸ ಮಾಡಿಸಿದವರಿಗೆ ಗೊತ್ತಿಲ್ವಾ?

ಹೆಂಗಸರು ಬಟ್ಟೆ ಬದಲಿಸುವ ಕೋಣೆಗೆ ಬೀಗ. ಒಳಗೆ ಹಳೆ ಕುರ್ಚಿ ತುಂಬಿದ್ದಾರಂತೆ. ಕೀ ಕೇಳಿದರೆ "ನಾಳೆ ಕೊಡುವ ಅಕ್ಕ" ಅಂತಾರೆ. ಹೀಗೆ ಕೇಳುತ್ತಿರುವುದು ಮೂರನೇ ವಾರ.