ವಿಪ್ ಎಂಬ ಮಾತಿನ ವ್ಯಾಪ್ತಿ ಎಲ್ಲಿಯವರೆಗೆ?

ನಿನ್ನೆ ರಾತ್ರಿ ಟಿವಿ ಚರ್ಚೆಯೊಂದರಲ್ಲಿ ಸಂಸದರೊಬ್ಬರಿಗೆ, ಈ ಮಸೂದೆಯ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂಬ ಪ್ರಶ್ನೆ ಬಂತು. ‘ಪಕ್ಷ ವಿಪ್ ಕೊಟ್ಟಿದೆ’, ಅಂದರೆ ಹೀಗೇ ಮತ ಹಾಕಬೇಕೆಂದು ಪಕ್ಷ ಆದೇಶಿಸಿದೆ, ಎಂದಷ್ಟೇ ಹೇಳಿ ಅವರು ಸುಮ್ಮನಾದರು. ನಿರೂಪಕರೂ ಮುಂದೆ ಕೇಳಲಿಲ್ಲ. ಸದನದ ಕಲಾಪವನ್ನು ನಾನು ಎಷ್ಟು ಆಸ್ಥೆಯಿಂದ ನೋಡುತ್ತೇನೆಂದು ಬಲ್ಲ ಗೆಳೆಯರಿಗೆ, ಆ ಉತ್ತರ ನನ್ನನ್ನು ಎಷ್ಟು ಕೆರಳಿಸಿತೆಂದು ಬಿಡಿಸಿ ಹೇಳಬೇಕಿಲ್ಲ.

ವಿಪ್ ಎಂಬ ಮಾತು ಬ್ರಿಟನ್ನಿನದು. ಬೇಟೆಯಲ್ಲಿ ನಾಯಿಗಳು ಹಿಂಡು ಬಿಟ್ಟು ಚದುರದಂತೆ ಕಾಯುವ ಆಳಿನ ಹೆಸರಿನಿಂದ ಹುಟ್ಟಿದ್ದು. ಸದಸ್ಯರನ್ನು ಒಟ್ಟಿಗಿಡುವವನೂ ವಿಪ್, ಅವನು ಕಳಿಸುವ ಸೂಚನೆಯೂ ವಿಪ್. ನಾವು ವ್ಯಕ್ತಿಯನ್ನು ಸಚೇತಕ ಎಂದು ಕರೆದು, ಆದೇಶಕ್ಕೆ ಮಾತ್ರ ವಿಪ್ ಎಂಬ ಹೆಸರನ್ನು ಉಳಿಸಿಕೊಂಡಿದ್ದೇವೆ. ಸೂಚನೆಯ ಕೆಳಗೆ ಮೂರು ಗೆರೆ ಎಳೆದಿದ್ದರೆ ಸದಸ್ಯರು ಬರಲೇಬೇಕು, ಪಕ್ಷ ಹೇಳಿದಂತೆ ಮತ ಹಾಕಲೇಬೇಕು. ಆದರೂ 2019ರ ಸೆಪ್ಟೆಂಬರ್ 3ರಂದು ಬ್ರೆಕ್ಸಿಟ್ ವಿಷಯದಲ್ಲಿ ತಮ್ಮದೇ ಸರ್ಕಾರದ ವಿರುದ್ಧ ಮತ ಹಾಕಿದ 21 ಕನ್ಸರ್ವೇಟಿವ್ ಸದಸ್ಯರು ಸಂಸದೀಯ ಪಕ್ಷದಿಂದ ಹೊರಬಿದ್ದರೇ ಹೊರತು ಸಂಸತ್ತಿನಿಂದಲ್ಲ. ಚರ್ಚಿಲ್ಲರ ಮೊಮ್ಮಗ ನಿಕೋಲಸ್ ಸೋಮ್ಸ್ ಕೂಡ ಅವರಲ್ಲಿದ್ದರು.

ನಮ್ಮಲ್ಲಿ ಹಾಗಲ್ಲ. 1985ರಲ್ಲಿ ಸೇರಿಸಿದ ಸಂವಿಧಾನದ ಹತ್ತನೇ ಅನುಸೂಚಿಯ, ಅಂದರೆ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ, ಪಕ್ಷದ ನಿರ್ದೇಶನಕ್ಕೆ ವಿರುದ್ಧವಾಗಿ ಮತ ಹಾಕಿದರೆ ಅಥವಾ ಮತದಾನದಿಂದ ದೂರ ಉಳಿದರೆ, ಮೊದಲೇ ಅನುಮತಿ ಪಡೆಯದಿದ್ದರೆ ಮತ್ತು 15 ದಿನಗಳೊಳಗೆ ಪಕ್ಷ ಅದನ್ನು ಮನ್ನಿಸದಿದ್ದರೆ, ಸದಸ್ಯತ್ವವೇ ಹೋಗಬಹುದು. ವಿಶೇಷವೆಂದರೆ ವಿಪ್ ಎಂಬ ಪದ ಆ ಅನುಸೂಚಿಯಲ್ಲಿ ಎಲ್ಲಿಯೂ ಇಲ್ಲ. ಅಲ್ಲಿರುವುದು ‘ನಿರ್ದೇಶನ’ ಮಾತ್ರ. ಅದು ಯಾವ ವಿಷಯಕ್ಕೆ ಸೀಮಿತವೆಂದು ಬರೆಯದೆ ಬಿಟ್ಟದ್ದರಿಂದಲೇ, ಸರ್ಕಾರದ ಅಳಿವು ಉಳಿವಿಗೆ ಸಂಬಂಧವೇ ಇಲ್ಲದ ಮಸೂದೆಗಳಿಗೂ ಇಂದು ವಿಪ್ ಹೊರಡುತ್ತಿದೆ.

ಮನಬಂದಂತೆ ಪಕ್ಷ ಬದಲಿಸುತ್ತಿದ್ದ ಆಯಾರಾಮ್ ಗಯಾರಾಮ್‌ಗಳ ಕಾಲವನ್ನು ಮರೆತೆಯಾ ಎಂದು ಕೆಲವರು ಕೇಳುತ್ತಾರೆ. ಮರೆತಿಲ್ಲ. ಆದರೆ ಪಕ್ಷ ಬಿಟ್ಟು ಹೋಗುವುದು ಬೇರೆ, ಪಕ್ಷದಲ್ಲೇ ಇದ್ದು ಒಂದು ಮಸೂದೆಯನ್ನು ಒಪ್ಪದಿರುವುದು ಬೇರೆ. ಅಲ್ಲದೆ, 2019ರ ಜುಲೈನಲ್ಲಿ ನಮ್ಮ ವಿಧಾನಸಭೆಯಲ್ಲಿ ಈ ಅಸ್ತ್ರ ಯಾರನ್ನು ತಡೆಯಿತು? ಆಳುವ ಮೈತ್ರಿಕೂಟದ ಶಾಸಕರು ರಾಜೀನಾಮೆ ಕೊಟ್ಟು ಹೊರಗುಳಿದರು, ಅವರನ್ನು ಕಲಾಪಕ್ಕೆ ಬರುವಂತೆ ಬಲವಂತಪಡಿಸಬಾರದೆಂದು ಸುಪ್ರೀಂ ಕೋರ್ಟ್ ಹೇಳಿತು, ವಿಶ್ವಾಸಮತ 99–105ರಲ್ಲಿ ಬಿದ್ದುಹೋಯಿತು. ಪಕ್ಷಾಂತರಿಯನ್ನು ಹಿಡಿದು ನಿಲ್ಲಿಸಲಾಗದ ವಿಪ್, ಪಕ್ಷನಿಷ್ಠನಾಗಿಯೇ ಯೋಚಿಸಬಲ್ಲ ಸದಸ್ಯನ ಬಾಯಿಯನ್ನು ಮಾತ್ರ ಕಟ್ಟಿಹಾಕುತ್ತಿದೆ.

ಇದರ ವ್ಯಾಪ್ತಿಯನ್ನು ವಿಶ್ವಾಸ ಮತ್ತು ಅವಿಶ್ವಾಸ ಮತಗಳಿಗೆ ಸೀಮಿತಗೊಳಿಸಿ ಎಂದು ಚುನಾವಣಾ ಸುಧಾರಣೆ ಕುರಿತ ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಶಿಫಾರಸು ಮಾಡಿತ್ತು. 1992ರಲ್ಲಿ ಕಿಹೊಟೊ ಹೊಲ್ಲೋಹನ್ ಪ್ರಕರಣದಲ್ಲಿ ಅನುಸೂಚಿಯನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟ್ ಕೂಡ, ವಿಶ್ವಾಸದ ಪ್ರಶ್ನೆ ಅಥವಾ ಪಕ್ಷದ ಮೂಲ ನೀತಿ ಮತ್ತು ಕಾರ್ಯಕ್ರಮದ ವಿಷಯಗಳಿಗಷ್ಟೇ ಇದು ಸಲ್ಲಬೇಕೆಂದಿತು. ಅನುಸೂಚಿಯ ಆ ಸಾಲು ಮಾತ್ರ ಇಂದಿಗೂ ಹಾಗೆಯೇ ಇದೆ. ಅದನ್ನು ತಿದ್ದುವ ಅಧಿಕಾರ ಇರುವುದು ನಿನ್ನೆ ಉತ್ತರ ಕೊಡದೆ ಕುಳಿತವರಂಥ ಸಂಸದರಿಗೇ. ಆ ತಿದ್ದುಪಡಿಗೆ ಮತ ಹಾಕಲೂ ಅವರು ಮತ್ತೆ ವಿಪ್‌ಗೆ ಕಾಯಬೇಕು.